ಅಪ್ಪನ ಆರು ವಾಯಿದೆ ಮುಗಿದವು, ಎಲ್ಲರಿಗೂ ಥ್ಯಾಂಕ್ಸ್

ಅಪ್ಪನ ಆರನೇ ಕೀಮೊ ದಸರೆ ಕಳೆದ ಮೇಲೆ ಮುಗಿಯಿತು, ಸ್ಕ್ಯಾನ್ ರಿಪೋರ್ಟ್ ಮೊನ್ನೆ ಕೈಗೆ ಬಂತು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಸದ್ಯಕ್ಕೆ ಎಲ್ಲೂ ಕಾಣಿಸುತ್ತಿಲ್ಲ ಅಂದರು ಡಾಕ್ಟರು. ಜೂನ್‌ನಿಂದ ನಾನು ಯಾರ ಫೋನೂ ಸರಿಯಾಗಿ ಎತ್ತಿಲ್ಲ, ಮೆಸೇಜಿಗೆ ಉತ್ತರ ಕೊಟ್ಟಿಲ್ಲ. ಆದರೂ ನೀವ್ಯಾರೂ ಕೋಪ ಮಾಡಿಕೊಳ್ಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ಲೇಟ್‌ಲೆಟ್ ಬೇಕು ಅಂದಾಗ ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತಿ ಬಂದ ಇಬ್ಬರು ಹುಡುಗರಿಗೆ, ಒಂದು ದಿನವೂ ತಪ್ಪಿಸದೆ ಸಪ್ಪೆ ಸಾರು, ಮೆತ್ತಗಿನ ಅನ್ನ ಕಳಿಸಿದ ಪಕ್ಕದ ಮನೆ ಆಂಟಿಗೆ, ಅಪ್ಪನ ಕೈಯಲ್ಲಿ ನರ ಸಿಗದೆ ಮೂರು ಸಲ ಚುಚ್ಚಬೇಕಾದಾಗ ತಾನೇ ಕಣ್ಣೊರೆಸಿಕೊಂಡ ಸಿಸ್ಟರ್‌ಗೆ, ಎಲ್ಲರಿಗೂ ಥ್ಯಾಂಕ್ಸ್. ಪಾರ್ಕಿಂಗ್ ಹುಡುಗನಿಗೂ. ಅವನ ಕಥೆ ಆಮೇಲೆ ಹೇಳುತ್ತೇನೆ.

ಇನ್ನೊಬ್ಬರು ಇದ್ದಾರೆ. ಅವರು ಇದನ್ನು ಓದುವುದಿಲ್ಲ, ನಮ್ಮನ್ನು ಅವರು ಕಂಡವರೂ ಅಲ್ಲ. ಅಮೆರಿಕದ ಅತಿ ಸಣ್ಣ ರಾಜ್ಯ ರೋಡ್ ಐಲೆಂಡ್, ಅಲ್ಲಿನ ಪ್ರಾವಿಡೆನ್ಸ್ ನಗರದ ಮುನಿಸಿಪಲ್ ಕೋರ್ಟಿನ ಜಡ್ಜ್ ಫ್ರಾಂಕ್ ಕ್ಯಾಪ್ರಿಯೊ. ಬಿಳಿ ಕೂದಲು, ದುಂಡು ಮುಖ, ಪಾರ್ಕಿಂಗ್ ದಂಡದ ಕೇಸು. ನಿಮ್ಮಲ್ಲಿ ಅರ್ಧ ಜನರಾದರೂ ಅವರ ವಿಡಿಯೊ ನೋಡಿರುತ್ತೀರಿ, ಅಲ್ವಾ?

ಕೀಮೊ ಆದ ಮೇಲೆ ಐದು ದಿನ ಸ್ಟೀರಾಯ್ಡ್ ಮಾತ್ರೆ. ಅದನ್ನು ನುಂಗಿದರೆ ಅಪ್ಪನಿಗೆ ನಿದ್ದೆಯೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಸುಮ್ನೆ ಕೂತರೆ ಬೇಡದ ಯೋಚನೆ ಬರುತ್ತದೆ ಅಂತ ನಾನೇ ಒಂದು ರಾತ್ರಿ ಈ ಜಡ್ಜ್ ವಿಡಿಯೊ ಹಾಕಿದೆ. ಅಪ್ಪ ಮೂವತ್ತನಾಲ್ಕು ವರ್ಷ ತಾಲೂಕು ಕೋರ್ಟಿನಲ್ಲಿ ಕೆಲಸ ಮಾಡಿದವರು, ಬೆಂಚ್ ಕ್ಲರ್ಕ್ ಆಗಿ ರಿಟೈರ್ ಆದವರು. ಮೊದಲ ವಿಡಿಯೊ ನೋಡಿ ಮುಖ ಸಿಂಡರಿಸಿದರು. "ಇದೇನೋ ಇದು, ಪೆಟ್ಟಿ ಕೇಸಿಗೆ ಹತ್ತು ನಿಮಿಷ ಮಾತಾಡ್ತಾನೆ! ನಮ್ಮಲ್ಲಿ ತಪ್ಪು ಒಪ್ಪಿಕೊಂಡ, ದಂಡ ಕಟ್ಟಿದ, ಮುಂದಿನ ಕೇಸ್ ಕರೀರಿ, ಅಷ್ಟೇ. ಹೀಗೆ ಕೂತ್ರೆ ದಿನದ ಪಟ್ಟಿ ಮುಗಿಯೋದು ಯಾವಾಗ?"

ಆದರೆ ಎರಡನೆಯದು ಹಾಕು ಅಂದರು. ಮೂರನೆಯದೂ.

ಕೇಸುಗಳಿಗಿಂತ ಆ ಮನುಷ್ಯ ಬಂದ ದಾರಿ ಅಪ್ಪನಿಗೆ ಹಿಡಿಸಿತು. ಹುಟ್ಟಿದ್ದು 1936ರಲ್ಲಿ, ಪ್ರಾವಿಡೆನ್ಸಿನ ಫೆಡರಲ್ ಹಿಲ್ ಎಂಬ ಇಟಾಲಿಯನ್ನರ ಕೇರಿಯಲ್ಲಿ, ಬಿಸಿನೀರಿನ ವ್ಯವಸ್ಥೆಯೂ ಇಲ್ಲದ ಮನೆಯಲ್ಲಿ. ತಂದೆ ಇಟಲಿಯಿಂದ ವಲಸೆ ಬಂದವರು, ಹಣ್ಣು ಮಾರಿದರು, ಆಮೇಲೆ ಹಾಲು ಹಾಕಿದರು. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ ಹಾಲಿನ ಗಾಡಿ ಹತ್ತಿಸುತ್ತಿದ್ದರಂತೆ, ಓದದಿದ್ದರೆ ಜೀವನಪೂರ್ತಿ ಇದೇ ಕೆಲಸ ಅಂತ ತೋರಿಸೋಕೆ. ಫ್ರಾಂಕ್ ಓದಿದರು. ಹಗಲು ಹೋಪ್ ಹೈಸ್ಕೂಲಿನಲ್ಲಿ ಮೇಷ್ಟ್ರು, ಸಂಜೆ ಎಂಬತ್ತು ಕಿಲೋಮೀಟರ್ ದೂರದ ಬಾಸ್ಟನ್ನಿಗೆ ಹೋಗಿ ಸಫೋಕ್ ಲಾ ಸ್ಕೂಲಿನ ರಾತ್ರಿ ತರಗತಿ. ಇದರ ಮಧ್ಯೆಯೇ ರಾಜಕೀಯ ಬೇರೆ! 1962ರಲ್ಲಿ, ಇನ್ನೂ ಲಾ ಮುಗಿಯುವ ಮೊದಲೇ, ಪ್ರಾವಿಡೆನ್ಸ್ ನಗರಸಭೆಗೆ ಆಯ್ಕೆಯಾದರು. 1968ರವರೆಗೆ ಅಲ್ಲಿದ್ದರು. 1970ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ನಿಂತು ಸೋತರು.

"ಗೆದ್ದಿದ್ರೆ ಈ ವಿಡಿಯೊ ಇರ್ತಿರಲಿಲ್ಲ ನೋಡು" ಅಂದರು ಅಪ್ಪ. ಹೌದಲ್ವಾ? ಅಟಾರ್ನಿ ಜನರಲ್ ಅಂದರೆ ಅಲ್ಲಿ ಸರ್ಕಾರದ ಪರ ಕೇಸು ನಡೆಸುವವರು. ಈ ಮನುಷ್ಯ ಆ ಕಡೆ ನಿಂತು ಶಿಕ್ಷೆ ಕೊಡಿ ಅಂತ ವಾದ ಮಾಡುವುದನ್ನು ನನಗಂತೂ ಊಹಿಸಲಾಗದು.

1985ರಲ್ಲಿ ಜಡ್ಜ್ ಆದರು. ಮೊದಲ ದಿನದ ಕಥೆಯನ್ನು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ತಂದೆ ಬಂದು ಕೋರ್ಟ್ ಹಾಲಿನಲ್ಲಿ ಕೂತಿದ್ದರು. ಒಬ್ಬಾಕೆ ದಂಡ ಬಾಕಿ ಇಟ್ಟುಕೊಂಡು, ಮೇಲೆ ಜಡ್ಜ್ ಎದುರೇ ಒರಟಾಗಿ ಮಾತಾಡಿದಳು. ಹೊಸ ಜಡ್ಜ್ ಪೂರ್ತಿ ಕಟ್ಟು ಅಂತ ಹೇಳಿ ಕಳಿಸಿದರು, ತಂದೆಗೆ ಹೆಮ್ಮೆ ಆಗಿರುತ್ತದೆ ಅಂದುಕೊಂಡರು. ತಂದೆ ಮಾತ್ರ, ಆಕೆ ಹೆದರಿದ್ದಳು, ಆಕೆಗೆ ಮಕ್ಕಳಿದ್ದಾರೆ, ಇವತ್ತು ರಾತ್ರಿ ಅವರಿಗೆ ಊಟಕ್ಕೆ ಏನು ಮಾಡುತ್ತಾಳೆ, ಒರಟಾಗಿ ಮಾತಾಡಿದಳು ಅಂತ ಹಾಗೆ ಮಾಡಬಹುದಾ ಅಂತ ಮಗನನ್ನು ಕೇಳಿದರಂತೆ. ಅಲ್ಲಿಂದ ಮುಂದೆ 2023ರವರೆಗೆ, ಹತ್ತಿರ ಹತ್ತಿರ 38 ವರ್ಷ, ಆ ಕುರ್ಚಿಯಲ್ಲಿ ಕೂತು ಅವರು ಮೊದಲು ಕೇಳಿದ್ದು ಏನಾಯ್ತು ಅಂತ. ಎಷ್ಟು ದಂಡ ಅನ್ನುವುದು ಆಮೇಲೆ.

ಈ ಕಥೆ ಕೇಳಿ ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಬೆಂಚ್ ಕ್ಲರ್ಕ್ ಆಗಿ ಎಷ್ಟು ಮುಖ ನೋಡಿದ್ದರೋ.

ಹಾಗಂತ ಎಲ್ಲವನ್ನೂ ಒಪ್ಪಲಿಲ್ಲ. ತಪ್ಪಿಗೆ ಬಂದ ಬಡವರ ಕಷ್ಟವನ್ನು ಕ್ಯಾಮೆರಾದಲ್ಲಿ ಲೋಕಕ್ಕೆಲ್ಲ ತೋರಿಸುವುದು ಸರಿಯಾ ಅಂತ ಕೇಳಿದರು. ಒಳ್ಳೆ ಪ್ರಶ್ನೆ, ನನಗೂ ಇರುಸುಮುರುಸು ಆಗಿದ್ದಿದೆ. ಚಿತ್ರೀಕರಣ ಶುರು ಮಾಡಿದ್ದು ಜಡ್ಜ್ ಅವರ ತಮ್ಮ ಜೋ. ವರ್ಷಗಟ್ಟಲೆ ಅದು ಬರೀ ಸ್ಥಳೀಯ ಟಿವಿಯಲ್ಲಿ ಬರುತ್ತಿತ್ತು, 2017ರಲ್ಲಿ ವಿಡಿಯೊಗಳು ವೈರಲ್ ಆದವು, 2018ರಿಂದ ದೇಶದ ತುಂಬ ಟಿವಿಗೆ ಬಂತು. ವೈರಲ್ ಆದದ್ದರಿಂದ ಒಂದು ಉಪಕಾರವಂತೂ ಆಯಿತು. ನೋಡಿದವರು ಎಲ್ಲೆಲ್ಲಿಂದಲೋ ದುಡ್ಡು ಕಳಿಸತೊಡಗಿದರು, ಅದನ್ನು ಜಡ್ಜ್ ತಮ್ಮ ತಾಯಿ ಫಿಲೋಮಿನಾ ಹೆಸರಿನ ನಿಧಿಗೆ ಹಾಕಿ, ದಂಡ ಕಟ್ಟಲಾಗದವರ ಪರವಾಗಿ ಕಟ್ಟಿದರು. ಅಂದರೆ ಎಷ್ಟೋ ಸಲ ದಂಡ ಮಾಫಿ ಅಲ್ಲ, ಬೇರೆಯವರು ಕಟ್ಟಿದ್ದು. ಅಪ್ಪನಿಗೆ ಇದು ಸಮಾಧಾನ ತಂತು. "ಹಾಗಾದ್ರೆ ಲೆಕ್ಕ ಸರಿ ಇದೆ."

ನಾವು ಜಾಸ್ತಿ ಸಲ ನೋಡಿದ್ದು ಆ 96 ವರ್ಷದ ಅಜ್ಜನ ಕೇಸು. ಶಾಲೆ ಹತ್ತಿರ ಜೋರಾಗಿ ಕಾರು ಓಡಿಸಿದ ಆರೋಪ. ಅಜ್ಜ ಹೇಳುತ್ತಾರೆ, ನಾನು ನಿಧಾನವಾಗಿಯೇ ಓಡಿಸೋದು, ಬೇಕಾದಾಗ ಮಾತ್ರ ಓಡಿಸೋದು, ಮಗನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೆ, ಅವನಿಗೆ ಕ್ಯಾನ್ಸರ್ ಅಂತ. ಮಗನಿಗೆ 63 ವರ್ಷ. ಕೇಸು ವಜಾ. ನಮ್ಮ ಮನೆಯಲ್ಲಿ ಉಲ್ಟಾ, ಮಗ ಅಪ್ಪನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವುದು. ಅಪ್ಪ ಪ್ರತಿ ಸಲ ಅದೇ ಜಾಗದಲ್ಲಿ ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ನೋಡದ ಹಾಗೆ ಇರುತ್ತಿದ್ದೆ.

ಈಗ ಪಾರ್ಕಿಂಗ್ ಹುಡುಗ. ನಾಲ್ಕನೇ ಕೀಮೊ ದಿನ ಆಸ್ಪತ್ರೆಯಲ್ಲಿ ಗಾಡಿ ಟೋಕನ್ ಕಳೆದುಬಿಟ್ಟೆ. ಕಳೆದರೆ ನೂರು ರೂಪಾಯಿ ಅಂತ ಬೋರ್ಡ್ ಇದೆ. ಅವನು ನನ್ನ ಕೈಯಲ್ಲಿದ್ದ ಫೈಲ್ ನೋಡಿ "ಯಾರಿಗೆ ಸಾರ್?" ಅಂದ. ಅಪ್ಪನಿಗೆ ಅಂದೆ. ಹೋಗಿ ಸಾರ್ ಅಂತ ಕೈ ಬೀಸಿದ. ಕಾರಿನಲ್ಲಿ ಹಿಂದೆ ಒರಗಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಕೇಸ್ ಡಿಸ್ಮಿಸ್ಡ್."

ಆ ದಿನ ತಿಂಗಳುಗಳಲ್ಲೇ ಮೊದಲ ಸಲ ನಕ್ಕೆವು.

2025ರ ಆಗಸ್ಟ್ 20ಕ್ಕೆ ಜಡ್ಜ್ ತೀರಿಕೊಂಡರು, 88 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ 2023ರ ಕೊನೆಯಲ್ಲೇ ಎಲ್ಲರಿಗೂ ಹೇಳಿದ್ದರು. ಹಿಂದಿನ ದಿನವಷ್ಟೇ ಆಸ್ಪತ್ರೆ ಹಾಸಿಗೆಯಿಂದ ನನಗಾಗಿ ಪ್ರಾರ್ಥಿಸಿ ಅಂತ ವಿಡಿಯೊ ಹಾಕಿದ್ದರು. ನಾನು ಅಪ್ಪನ ಫೋನಿನಲ್ಲಿ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ, ಎರಡು ದಿನ ಹಳೇ ಸಿನಿಮಾ ಹಾಕಿ ಕಾಲ ತಳ್ಳಿದೆ. ಮೂರನೇ ರಾತ್ರಿ ಅವರೇ ಅಂದರು, "ಪೇಪರ್‌ನಲ್ಲಿ ಬಂದಿದೆ ಕಣೋ, ನಂಗೆ ಗೊತ್ತು. ಆ ಅಜ್ಜನ ಕೇಸ್ ಹಾಕು." ಹಾಕಿದೆ. ಅವತ್ತು ಅಪ್ಪ ಪೂರ್ತಿ ನೋಡಿ, ಬಹಳ ದಿನಗಳ ಮೇಲೆ ಬೆಳಗಿನವರೆಗೆ ಮಲಗಿದರು.

ಥ್ಯಾಂಕ್ಯೂ ಜಡ್ಜ್ ಸಾಹೇಬ್ರೆ. ನಮ್ಮ ರಾತ್ರಿಗಳನ್ನು ಕಳೆದುಕೊಟ್ಟಿರಿ.

ಅಪ್ಪ ಕೀಮೊ ಲೆಕ್ಕವನ್ನೆಲ್ಲ ಹಳೇ ಕೋರ್ಟ್ ಅಭ್ಯಾಸದಂತೆ ಡೈರಿಯಲ್ಲಿ ಬರೆದಿಡುತ್ತಾರೆ, ಒಂದೊಂದು ಕೀಮೊ ಒಂದೊಂದು ವಾಯಿದೆ. ಮೊನ್ನೆ ಡಾಕ್ಟರು ಮೂರು ತಿಂಗಳು ಬಿಟ್ಟು ಬನ್ನಿ ಅಂದರಲ್ಲ, ಮನೆಗೆ ಬಂದು ಏನೋ ಬರೆದರು. ಇಣುಕಿ ನೋಡಿದೆ. "ಮುಂದಿನ ವಾಯಿದೆ: ಮಾರ್ಚ್. ಮಗ ಹಾಜರಿರತಕ್ಕದ್ದು. ಟೋಕನ್ ಕಳೆಯತಕ್ಕದ್ದಲ್ಲ."