6-37 ಬರೆಸಿದ್ದಕ್ಕೆ 8-39 ಕೊಟ್ಟಿದ್ದೀರಿ

ಇವರಿಗೆ,
ಜನರಲ್ ಮ್ಯಾನೇಜರ್,
ಲಾರಿ ಮಾರಾಟ ಮತ್ತು ಸರ್ವಿಸ್ ವಿಭಾಗ, ಮಂಗಳೂರು

ವಿಷಯ: ಆರ್ಡರ್ ಫಾರ್ಮಿನಲ್ಲಿ ಬರೆದ ಆಕ್ಸಲ್ ರೇಶಿಯೋ (ಹಿಂದಿನ ಆಕ್ಸಲಿನ ಗೇರ್ ಹಲ್ಲುಗಳ ಲೆಕ್ಕ) ಬಿಟ್ಟು ಬೇರೆಯದಿರುವ ಗಾಡಿ ಕೊಟ್ಟ ಬಗ್ಗೆ

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಗಿದೆ. ಪ್ರತಿ ಸಲ "ಕೇಳಿ ಹೇಳ್ತೇವೆ ಸರ್" ಅನ್ನುತ್ತಾರೆ, ಆಮೇಲೆ ಯಾರೂ ಹೇಳುವುದಿಲ್ಲ. ಮೊನ್ನೆ ರಾತ್ರಿ ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ಹತ್ತಿರ, ಹೊಸದಾಗಿ ಹಾಕಿಸಿದ್ದ ಕ್ಲಚ್ ಪ್ಲೇಟೂ ಸುಟ್ಟು ಗಾಡಿ ನಿಂತಿತು. ಬೆಳಗಿನ ಜಾವ ಹಾಸನದ ಮಾರ್ಕೆಟ್ ಮುಟ್ಟಬೇಕಿದ್ದ ಬಂಗುಡೆ, ಬೂತಾಯಿ ಮುಟ್ಟಿದ್ದು ಮಧ್ಯಾಹ್ನ. ಐಸ್ ಕರಗಿ ಬಾಕ್ಸಿನಿಂದ ನೀರು ಸುರಿಯುತ್ತಿತ್ತು. ಅರ್ಧ ಬೆಲೆಗೂ ಯಾರೂ ಕೇಳಲಿಲ್ಲ. ಇನ್ನು ಬಾಯಿಮಾತು ಬೇಡ ಅಂತ ಈ ಪತ್ರ ಬರೆಯುತ್ತಿದ್ದೇನೆ.

ಬುಕ್ಕಿಂಗ್ ದಿನವೇ ನಾನು ಸ್ಪಷ್ಟವಾಗಿ ಹೇಳಿದ್ದೆ. ದೋಣಿಗಳು ನಿಲ್ಲುವ ಧಕ್ಕೆಯಿಂದ ಮೀನು, ಐಸ್ ತುಂಬಿಕೊಂಡು ಘಾಟಿಯ ಬುಡದ ಗುಂಡ್ಯ ದಾಟಿ ಸಕಲೇಶಪುರ ಹತ್ತುವ ಗಾಡಿ ಇದು, 6-37 ಕ್ರೌನ್ ಪಿನಿಯನ್ನೇ ಬೇಕು ಅಂತ. ಅಂದರೆ ಪಿನಿಯನ್ನಿಗೆ 6 ಹಲ್ಲು, ಕ್ರೌನಿಗೆ 37; ಎಂಜಿನ್ ಕಡೆಯ ಶಾಫ್ಟ್ 6.17 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ನಿಮ್ಮ ಸೇಲ್ಸ್ ಹುಡುಗ ತನ್ನ ಕೈಯಿಂದಲೇ ಫಾರ್ಮಿನಲ್ಲಿ 6.17 ಎಂದು ಬರೆದ. ಅದರ ನಕಲು ಈ ಪತ್ರದ ಜೊತೆಗಿದೆ. ಡೆಲಿವರಿಗೆ ಮುಂಚೆ ಆರ್ಡರ್ ಫಾರ್ಮಿಗೆ ಗಾಡಿಯನ್ನು ತಾಳೆ ನೋಡಿ ಸಹಿ ಹಾಕಬೇಕು ಅನ್ನುವುದು ನಿಮ್ಮದೇ ನಿಯಮ. ಸಹಿ ಇದೆ. ನೋಡಿದವರು ಯಾರು?

ಗಾಡಿ ಮೊದಲಿನಿಂದಲೂ ಘಾಟಿಯಲ್ಲಿ ಉಸಿರು ಕಟ್ಟುತ್ತಿತ್ತು. ಹೊಸ ಎಂಜಿನ್, ಸ್ವಲ್ಪ ಓಡಲಿ ಅಂದಿರಿ, ಓಡಿಸಿದೆ. ಕೊನೆಗೆ ನಮ್ಮ ಮೇಸ್ತ್ರಿ ನನ್ನ ಕಣ್ಣೆದುರೇ ಪರೀಕ್ಷೆ ಮಾಡಿದರು. ಹಿಂದಿನ ಒಂದು ಬದಿಗೆ ಜಾಕ್ ಕೊಟ್ಟು, ಗಾಡಿ ನ್ಯೂಟ್ರಲ್‌ಗೆ ಹಾಕಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮೇಲೂ ಟೈರ್ ಮೇಲೂ ಚಾಕ್‌ಪೀಸಿನಿಂದ ಗೆರೆ ಎಳೆದರು. ಒಂದೇ ಬದಿ ಎತ್ತಿದಾಗ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು, ಎರಡು ಬದಿಯ ಚಕ್ರಗಳಿಗೆ ಸುತ್ತು ಹಂಚುವ ಡಿಫರೆನ್ಷಿಯಲ್ ಇರುವುದರಿಂದ. 6-37 ಆಗಿದ್ದರೆ ಶಾಫ್ಟ್ 6 ಸುತ್ತು ತಿರುಗಿ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಇಲ್ಲಿ 5 ಸುತ್ತೂ ಪೂರ್ತಿ ಆಗಲಿಲ್ಲ, ಗೆರೆ ಸ್ವಲ್ಪ ಹಿಂದೆಯೇ ನಿಂತಿತು. ಅಂದರೆ 8-39, 4.875. ಆಮೇಲೆ ಆಕ್ಸಲ್ ಹೌಸಿಂಗ್ (ಹೊರಕವಚ) ಮೇಲಿನ ಕೆಸರು ಒರೆಸಿ ತಗಡು ನೋಡಿದರೆ ಅಲ್ಲೂ ಅದೇ ಅಂಕಿ.

8-39 ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರು-ಹುಬ್ಬಳ್ಳಿ ರೋಡಿನಲ್ಲಿ ಓಡುವವನಿಗೆ ಅದೇ ಸರಿ, ಎಂಜಿನ್ ನಿಧಾನವಾಗಿ ತಿರುಗುತ್ತದೆ, ಡೀಸೆಲ್ ಉಳಿಯುತ್ತದೆ. ನನ್ನ ದಾರಿ ಅದಲ್ಲ. ಅದೇ ಎಂಜಿನ್, ಅದೇ ಗೇರು ಇದ್ದರೂ ಚಕ್ರಕ್ಕೆ ಸಿಗುವ ಪುಲ್ಲಿಂಗ್ 6-37ಕ್ಕಿಂತ ನೂರಕ್ಕೆ 21ರಷ್ಟು ಕಡಿಮೆ. ಎರಡನೇ ಗೇರಿನಲ್ಲಿ ಹತ್ತಬೇಕಾದ ಕಡೆ ಒಂದಕ್ಕೆ ಇಳಿಸಬೇಕು. ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಂತಿತೋ, ಮತ್ತೆ ಗಾಡಿ ಎಬ್ಬಿಸಲು ಹಾಫ್ ಕ್ಲಚ್ ಹಿಡಿಯಲೇಬೇಕು. ಪ್ಲೇಟ್ ಸುಡದೆ ಇನ್ನೇನಾಗುತ್ತೆ? ಇಳಿಯುವಾಗಿನ ಕಥೆ ಇನ್ನೂ ಭಯದ್ದು. ಹಾಸನದಿಂದ ಆಲೂಗಡ್ಡೆ ತುಂಬಿಕೊಂಡು ಬರುವಾಗ ಎಂಜಿನ್ ಹಿಡಿತ ಸಾಲದೆ ಬ್ರೇಕ್ ಮೇಲೆಯೇ ಇಳಿಸಬೇಕಾಗುತ್ತದೆ. ಗುಂಡ್ಯ ಮುಟ್ಟುವಷ್ಟರಲ್ಲಿ ಡ್ರಮ್ಮಿನಿಂದ ಸುಟ್ಟ ವಾಸನೆ. ಆ ಗಾಡಿಯಲ್ಲಿ ಕೂತಿರುವುದು ನಾನು, ಪಕ್ಕದಲ್ಲಿ ನನ್ನ ತಮ್ಮ.

ಇಷ್ಟನ್ನೂ ಹೇಳಲು ನಿಮ್ಮಲ್ಲಿಗೆ ಬಂದಿದ್ದೆ. ಆವತ್ತು ನಡೆದದ್ದು ನಿಮಗೆ ಗೊತ್ತಾಗಲೇಬೇಕು. ಒಳಗೆ ಕೂತಿದ್ದೆ. ಕೌಂಟರಿನವರು ಬಂದು "ಸ್ವಲ್ಪ ಹೊರಗೆ ಕೂತ್ಕೊಳ್ತೀರಾ, ಮೀನಿನ ವಾಸನೆ ಬರ್ತಾ ಉಂಟು, ಬೇರೆ ಕಸ್ಟಮರ್ ಇದ್ದಾರೆ" ಅಂದರು. ಎದ್ದು ಹೋಗಿ ಬಿಸಿಲಿನಲ್ಲಿ ನಿಂತೆ. ತುಂಬಾ ಹೊತ್ತಾದ ಮೇಲೆ ಸರ್ವಿಸ್ ಮ್ಯಾನೇಜರ್ ಬಂದರು. ಫಾರ್ಮ್ ಕೈಗೆ ಕೊಟ್ಟೆ. ಬಿಡಿಸಿ ನೋಡಲಿಲ್ಲ.

"ಅಲ್ಲ ಮಾರಾಯ್ರೆ, ರೇಶಿಯೋ ಎಲ್ಲ ನಿಮಗೆ ಯಾರು ಹೇಳಿದ್ದು?"

"ಮೇಸ್ತ್ರಿ ಸುತ್ತು ಎಣಿಸಿದ್ದಾರೆ ಸರ್."

"ಚಾಕ್‌ಪೀಸ್ ಹಿಡ್ಕೊಂಡು ಎಣಿಸಿದ್ದು ಕಂಪನಿಯಲ್ಲಿ ನಡೆಯುವುದಿಲ್ಲ. ಓವರ್‌ಲೋಡ್ ಮಾಡಿರ್ತೀರಿ."

ವೇ ಬ್ರಿಡ್ಜ್ ಚೀಟಿಗಳನ್ನು ತೋರಿಸಿದೆ. ಆರ್‌ಸಿಯಲ್ಲಿರುವ ತೂಕ ಒಂದರಲ್ಲೂ ಮೀರಿಲ್ಲ. ಅದನ್ನೂ ನೋಡದೆ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, "ಗಾಡಿಯಲ್ಲಿ ಎಂತ ಪ್ರಾಬ್ಲಮ್ಮೂ ಇಲ್ಲ, ಮೊದಲು ಘಾಟಿಯಲ್ಲಿ ಓಡಿಸ್ಲಿಕ್ಕೆ ಗೊತ್ತಿರುವ ಡ್ರೈವರ್ ಇಡಿ" ಅಂದರು. ಡ್ರೈವರ್ ನಾನೇ ಅಂದೆ. ಕೌಂಟರಿನಲ್ಲಿದ್ದವರು ನಕ್ಕರು. ಮ್ಯಾನೇಜರ್ ಕೂಡ ನಕ್ಕರು. "ಕ್ಲಚ್ ವಾರಂಟಿಯಲ್ಲಿ ಬರುವುದಿಲ್ಲ, ಬೇಕಾದ್ರೆ ಹೊರಗೆ ಕ್ರೌನ್ ಪಿನಿಯನ್ ಬದಲಿಸಿ, ಆಮೇಲೆ ಆಕ್ಸಲ್ ವಾರಂಟಿ ಕೇಳ್ಬೇಡಿ" ಅಂತ ಹೇಳಿ ಒಳಗೆ ಹೋದರು.

ನಾನು ಪ್ರಾಯಕ್ಕೆ ಬಂದಾಗಿನಿಂದ ಇದೇ ಘಾಟಿಯಲ್ಲಿ ಓಡಿಸುತ್ತಿರುವವನು. ಆ ಮ್ಯಾನೇಜರ್ ಒಂದೇ ಒಂದು ರಾತ್ರಿ ಲೋಡ್ ಗಾಡಿಯಲ್ಲಿ ನನ್ನ ಪಕ್ಕ ಕೂತು ಗುಂಡ್ಯದಿಂದ ಮೇಲೆ ಬರಲಿ. ಆಮೇಲೆ ನಗಲಿ.

8-39ರಲ್ಲಿ ಸ್ಪೀಡ್ ಸಿಗುತ್ತದೆ ಅಂತ ನಿಮ್ಮ ಹುಡುಗರು ಫೋನಿನಲ್ಲಿ ಸಮಾಧಾನ ಹೇಳಿದ್ದರು. 80 ಕಿ.ಮೀ. ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಕೂರಿಸಿ ಕೊಟ್ಟವರೂ ನೀವೇ ಅಲ್ವಾ? ಅದರ ಮೇಲೆ ಸಿಗುವ ಸ್ಪೀಡ್ ನನಗೆ ಯಾಕೆ?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಾಡಿ ಸುಮ್ನೆ ನಿಂತಿರುತ್ತದೆ, ಆಗಲೇ ಬದಲಿಸಿ ಕೊಡಿ ಎಂದು ಕೈಮುಗಿದು ಕೇಳಿದ್ದೆ. ಪಾರ್ಟ್ಸ್ ಬರಬೇಕು ಅಂದಿರಿ. ಈಗ ಸೀಸನ್ ಶುರುವಾಗಿದೆ. ಮಳೆಗಾಲ ಪೂರ್ತಿ ಮೀನಿಲ್ಲದೆ ಕಟ್ಟಿದ ಕಂತನ್ನು ತುಂಬಿಕೊಳ್ಳಬೇಕಾದ ತಿಂಗಳುಗಳಲ್ಲಿ ಗಾಡಿ ಗ್ಯಾರೇಜಿನಲ್ಲಿದೆ.

ನನಗೆ ಬೇಕಾದದ್ದು ಇಷ್ಟು. ನಿಮ್ಮ ಖರ್ಚಿನಲ್ಲಿ 6-37 ಹಾಕಿ, ಸ್ಪೀಡೋಮೀಟರ್ ಮತ್ತು ಗವರ್ನರ್ ಅದಕ್ಕೆ ಸರಿಯಾಗಿ ಸೆಟ್ ಮಾಡಿ, ವಾರಂಟಿ ಹಾಗೇ ಇರುತ್ತದೆ ಎಂದು ಬರೆದು ಕೊಡಬೇಕು. ಸುಟ್ಟ ಕ್ಲಚ್ ಪ್ಲೇಟುಗಳ ದುಡ್ಡು, ಹಾಳಾದ ಮೀನಿನ ದುಡ್ಡು ವಾಪಸ್ ಬೇಕು. 15 ದಿನ ಕಾಯುತ್ತೇನೆ.

ಆಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಸಿಗೋಣ. ಲಾರಿ ವ್ಯಾಪಾರಕ್ಕೆ ತಗೊಂಡದ್ದು, ಇವನು ಗ್ರಾಹಕನೇ ಅಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಅವರಿಗೆ ಮೊದಲು ಓದಲು ಹೇಳಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನೂ ಗ್ರಾಹಕನೇ ಎಂದು ಅದರಲ್ಲಿದೆ. ಈ ಗಾಡಿ ಓಡಿಸುವುದು ನಾನೇ, ಅದನ್ನು ನಿಮ್ಮ ಮ್ಯಾನೇಜರೇ ಹತ್ತು ಜನರ ಎದುರು ಕೇಳಿಸಿಕೊಂಡಿದ್ದಾರೆ.

ಇನ್ನೊಂದು ಮಾತು. ಧಕ್ಕೆಯಲ್ಲಿ ಹೊಸ ಗಾಡಿ ತೆಗೆಯುವ ಹುಡುಗರು ನನ್ನ ಹತ್ತಿರ ಬಂದು ಯಾವ ರೇಶಿಯೋ ಹಾಕಿಸಲಿ ಅಂತ ಕೇಳುತ್ತಾರೆ. ನಿಮ್ಮ ಶೋರೂಮಿನಲ್ಲಾದರೆ ಡೆಲಿವರಿಗೆ ಮುಂಚೆ ಜಾಕ್, ಚಾಕ್‌ಪೀಸ್ ತಗೊಂಡು ಹೋಗಿ ಸುತ್ತು ಎಣಿಸಿಯೇ ಸಹಿ ಹಾಕಿ ಅಂತ ಈಗಾಗಲೇ ಹೇಳಲು ಶುರು ಮಾಡಿದ್ದೇನೆ. 15 ದಿನದ ನಂತರ, ಅಲ್ಲಿಗೆ ಹೋಗುವುದೇ ಬೇಡ ಅನ್ನುತ್ತೇನೆ.

ಇಂತಿ,
ನಿಮ್ಮಿಂದ ಲಾರಿ ಕೊಂಡ ಮೀನು ಸಾಗಾಟದವನು