ಸೈಟು ನೋಡುವ ಮುಂಚೆ ಈ ಕಾಗದ ಓದು

ವಿದ್ಯಾನಗರ, ದಾವಣಗೆರೆ

ಅಳಿಯ ಪ್ರವೀಣನಿಗೆ ಮಾವನ ಆಶೀರ್ವಾದಗಳು.

ನಿಮ್ಮವ್ವ ಫೋನ್ ಮಾಡಿದ್ದಳು. ನಿನ್ನ ಹಾಡನ್ನು ಅಮೆರಿಕದ ಯಾವುದೋ ಕಂಪನಿ ಕೇಳದೆ ಜಾಹೀರಾತಿಗೆ ಹಾಕಿಕೊಂಡಿದೆಯಂತೆ. ಕೇಸು ಹಾಕಿದರೆ ಹಾಡಿಗೆ 1,50,000 ಡಾಲರ್ ಬರುತ್ತದೆ ಎಂದು ನೀನು ಹೊಳಲ್ಕೆರೆ ರಸ್ತೆಯಲ್ಲಿ ಸೈಟು ಕೂಡ ನೋಡಿ ಬಂದೆಯಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಅಲ್ವಾ ಇದು?

ಆ ಅಂಕಿ ಸುಳ್ಳಲ್ಲ. ಅಮೆರಿಕದ ಕಾಪಿರೈಟ್ (ಕೃತಿಯ ಮೇಲಿನ ಹಕ್ಕು) ಕಾನೂನಿನಲ್ಲಿ ಸ್ಟ್ಯಾಚುಟರಿ ಡ್ಯಾಮೇಜಸ್ ಅಂತ ಇದೆ, ಅಂದರೆ ಕಾನೂನೇ ಮಿತಿ ಹಾಕಿಟ್ಟ ಪರಿಹಾರ. ಎಷ್ಟು ನಷ್ಟವಾಯಿತು ಎಂದು ಲೆಕ್ಕ ತೋರಿಸಬೇಕಿಲ್ಲ, ಕೃತಿಯೊಂದಕ್ಕೆ 750ರಿಂದ 30,000 ಡಾಲರ್‌ ಒಳಗೆ ಕೋರ್ಟೇ ಗೊತ್ತು ಮಾಡುತ್ತದೆ. ಬೇಕಂತಲೇ ಕದ್ದದ್ದು ಎಂದು ಸಾಬೀತಾದರೆ ಮಾತ್ರ 1,50,000ದವರೆಗೆ ಏರಬಹುದು. ಗೊತ್ತಿಲ್ಲದೆ ಮಾಡಿದ್ದಾದರೆ 200ಕ್ಕೂ ಇಳಿಯಬಹುದು. ನೀನು ನೋಡಿದ್ದು ಮೇಲಿನ ತುದಿ ಮಾತ್ರ.

ಪೇಪರಿನಲ್ಲಿ ಬರುವುದೂ ಅಂಥ ಕೇಸುಗಳೇ. ಮಿನ್ನೆಸೋಟದ ಒಬ್ಬ ಹೆಣ್ಣುಮಗಳು 24 ಹಾಡು ಇಂಟರ್ನೆಟ್‌ನಲ್ಲಿ ಹಂಚಿದ್ದಕ್ಕೆ 2009ರಲ್ಲಿ ಜ್ಯೂರಿ 19,20,000 ಡಾಲರ್ ಹಾಕಿತ್ತು. ಕೊನೆಗೆ 2012ರಲ್ಲಿ ಮೇಲ್ಮನವಿ ಕೋರ್ಟು 2,22,000ಕ್ಕೆ ತಂದು ನಿಲ್ಲಿಸಿತು. ಅಲ್ಲಿ ಕೇಸು ಹಾಕಿದ್ದವು ದೊಡ್ಡ ದೊಡ್ಡ ರೆಕಾರ್ಡ್ ಕಂಪನಿಗಳು. ನಿನಗೆ ಹತ್ತಿರದ್ದು ನ್ಯೂಯಾರ್ಕಿನ ಇನ್ನೊಂದು ಕೇಸು. ಇಬ್ಬರು ಹಾಡು ಕಟ್ಟುವವರು, ತಮ್ಮದೇ ಸಣ್ಣ ಲೇಬಲ್, ಎರಡು ಆಲ್ಬಮ್. ಅವರ ಹಾಡುಗಳನ್ನು ಆನ್‌ಲೈನ್‌ನಲ್ಲಿ ಅನುಮತಿ ಇಲ್ಲದೆ ಮಾರಿದ್ದರು. ಹಾಡಿಗಿಷ್ಟು ಕೊಡಿ ಎಂದು ಇವರು ಕೇಳಿದರು. ಇಡೀ ಆಲ್ಬಮ್ಮೇ ಒಂದು ಕೃತಿ ಎಂದಿತು ಕೋರ್ಟು. ಒಟ್ಟು ಸಿಕ್ಕಿದ್ದು 2,400 ಡಾಲರ್. ವಕೀಲರ ಫೀಸೂ ಕೊಡಿಸಲಿಲ್ಲ. 2010ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಎಲ್ಲ ಕೋರ್ಟೂ ಹೀಗೇ ಹೇಳುವುದಿಲ್ಲ, ಆದರೆ ನಿನ್ನ ಆರು ಹಾಡು ಒಂದೇ ಆಲ್ಬಮ್ ಆಗಿ ಬಂದದ್ದು ನೆನಪಿರಲಿ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಮ್ಮ ದೇಶದ ಕೃತಿಯಾದ್ದರಿಂದ ಅಲ್ಲಿ ನೋಂದಣಿ ಇಲ್ಲದೆಯೂ ನೀನು ಕೇಸು ಹಾಕಬಹುದು. ಆದರೆ ಈ ಪರಿಹಾರ ಬೇಕಾದರೆ ಅವರು ಕದಿಯುವ ಮುಂಚೆಯೇ ಅಮೆರಿಕದ ಕಾಪಿರೈಟ್ ಆಫೀಸಿನಲ್ಲಿ ನೋಂದಣಿ ಆಗಿರಬೇಕು, ಇಲ್ಲವೇ ಹಾಡು ಬಿಡುಗಡೆಯಾದ ಮೂರು ತಿಂಗಳೊಳಗೆ. ದಿಲ್ಲಿಯಲ್ಲಿ ಮಾಡಿಸಿದ ನೋಂದಣಿ ಇದಕ್ಕೆ ನಡೆಯುವುದಿಲ್ಲ. ನೀನೋ ಹೋದ ದಸರಾಕ್ಕೆ ಬಿಟ್ಟೆ, ಎಲ್ಲಿಯೂ ನೋಂದಾಯಿಸಿಲ್ಲ. ಈಗ ಮಾಡಿಸಿದರೂ ಈ ಕಳವಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ನಿನಗೆ ನಿಜವಾಗಿ ಆದ ನಷ್ಟ, ಅವರಿಗೆ ಆ ಹಾಡಿನಿಂದ ಬಂದ ಲಾಭ, ಇಷ್ಟೇ ಕೇಳಬಹುದು. ಅದನ್ನು ಸಾಬೀತು ಮಾಡುವುದು ನಿನ್ನ ತಲೆಮೇಲೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಂತೂ ಹೀಗೆ ಮೊದಲೇ ಗೊತ್ತು ಮಾಡಿದ ಮೊತ್ತವೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಆ ಜಾಹೀರಾತಿನ ಸ್ಕ್ರೀನ್‌ಶಾಟ್, ಲಿಂಕು, ತಾರೀಖು ಎಲ್ಲ ಜೋಪಾನ ಮಾಡು. ಫೇಸ್‌ಬುಕ್‌ನಲ್ಲಿ ಕಳ್ಳರು ಅಂತ ಕೂಗಾಡಬೇಡ. ಹಾಡು ಬಳಸಿದ್ದಕ್ಕೆ ಲೈಸೆನ್ಸ್ ಫೀ ಕೊಡಿ ಎಂದು ಒಂದು ಮರ್ಯಾದೆಯ ಕಾಗದ ಬರಿ, ಕಳಿಸುವ ಮುಂಚೆ ನನಗೆ ತೋರಿಸು. ಕಂಪನಿಯವರು ಎಷ್ಟೋ ಸಲ ಅಲ್ಲಿಗೇ ಮುಗಿಸಿಕೊಳ್ಳುತ್ತಾರೆ. ಮುಂದಿನ ಆಲ್ಬಮ್ ಬಿಟ್ಟ ತಕ್ಷಣ ಅಲ್ಲಿ ಒಟ್ಟಾಗಿ ನೋಂದಾಯಿಸು. 20 ಹಾಡಿನವರೆಗೆ ಒಂದೇ ಅರ್ಜಿ, 65 ಡಾಲರ್. ಒಂದು ದಿನ ಸ್ಟುಡಿಯೋ ಬಾಡಿಗೆಗೆ ಸುರಿಯುವಷ್ಟೂ ಆಗುವುದಿಲ್ಲ.

ಇನ್ನೊಂದು ಮಾತು, ನಿಮ್ಮವ್ವನಿಗೆ ಹೇಳಿಲ್ಲ. ಸಾಹಿತ್ಯ ನಿನ್ನದಲ್ಲ, ನಿನ್ನ ಗೆಳೆಯನದು. ಅವನು ಹಕ್ಕು ಬರೆದುಕೊಟ್ಟಿದ್ದಾನಾ? ಕಾಪಿರೈಟ್ ಹಕ್ಕು ಬಿಟ್ಟುಕೊಡುವುದಕ್ಕೆ ಬಾಯಿಮಾತು ನಡೆಯುವುದಿಲ್ಲ, ಬರವಣಿಗೆಯಲ್ಲಿ ಸಹಿ ಬೇಕು. ಇಲ್ಲದಿದ್ದರೆ ಕಂಪನಿಗೆ ಬರೆಯುವ ಕಾಗದಕ್ಕೆ ಅವನ ಹೆಸರನ್ನೂ ಸೇರಿಸು, ಬಂದ ದುಡ್ಡಿನಲ್ಲಿ ಅವನ ಪಾಲು ಎಷ್ಟು ಎಂದು ಈಗಲೇ ಕೂತು ಮಾತಾಡಿಕೊಳ್ಳಿ. ಭಾನುವಾರ ಇಬ್ಬರೂ ಬನ್ನಿ, ಮನೆಯಲ್ಲೇ ಇರುತ್ತೇನೆ.

ಇಂತಿ,
ನಿನ್ನ ಮಾವ