ಒಂದು ದಿನ ಜಾಸ್ತಿ

ಪುಟ್ಟಿ,

ಆಶೀರ್ವಾದ. ನಿನ್ನ ಪತ್ರ ಬಂದು ಎಂಟು ದಿನ ಆಯ್ತು. ಉಳಿದದ್ದಕ್ಕೆಲ್ಲ ನಿನ್ನ ಅತ್ತೆ ಫೋನಿನಲ್ಲೇ ಉತ್ತರ ಹೇಳಿದಳಂತೆ. ನನಗೆ ಮಾತ್ರ ಆ ಕೊನೆಯ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ. 'ಮಾಮ, ನನ್ನ ಮಗ ಮಾಣಿಗಿಂತ ಒಂದು ದಿನ ಜಾಸ್ತಿ ಬದುಕಿದರೆ ಸಾಕು ನನಗೆ' ಅಂತ ಬರೆದಿದ್ದೀಯಲ್ಲ.

ನಿನ್ನ ಅಜ್ಜಿ ದೇವರ ಮುಂದೆ ದಿನಾ ಬೇಡುತ್ತಿದ್ದದ್ದೂ ಇದನ್ನೇ. ದೇವರು ನಡೆಸಿಕೊಡಲಿಲ್ಲ.

ಅಮ್ಮ ಹೋದಾಗ ನಿನ್ನ ಸಣ್ಣ ಮಾವನಿಗೆ 41. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆ ಹೊಸಿಲ ಹತ್ತಿರ ತಟ್ಟೆ ತೊಡೆ ಮೇಲಿಟ್ಟುಕೊಂಡು ಕೂತಿದ್ದ. ನಿನ್ನ ಅತ್ತೆ ಬಡಿಸಲು ಹೋದರೆ ಎರಡೂ ಕೈಯಲ್ಲಿ ತಟ್ಟೆ ಮುಚ್ಚಿಕೊಂಡ. ಸ್ನಾನ, ಗಡ್ಡ, ಅಂಗಿ ಗುಂಡಿ, ಎಲ್ಲ ಅಮ್ಮನೇ ಮಾಡುತ್ತಿದ್ದಳು. ಬೇರೆಯವರ ಕೈ ಅವನಿಗೆ ಗೊತ್ತೇ ಇರಲಿಲ್ಲ.

ಮಾಣಿಯ ಹಾಗೇ ಅವನಿಗೂ ಬುದ್ಧಿಯ ಬೆಳವಣಿಗೆ ನಿಧಾನ, ಆದರೆ ದಡ್ಡನೇನಲ್ಲ ಅವನು. ಸುಲಿದ ಅಡಿಕೆ ಮುಂದೆ ಕೂರಿಸಿದರೆ ಬೆಟ್ಟೆ ಬೇರೆ, ಗೊರಬಲು ಬೇರೆ ಅಂತ ಜಾತಿ ಜಾತಿ ವಿಂಗಡಿಸುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಒಲೆ ಹಚ್ಚುವುದು, ಅಂಗಡಿಗೆ ಹೋಗಿ ಬರುವುದೂ ಕಲಿಯುತ್ತಿದ್ದನೇನೋ. ಯಾರೂ ಕಲಿಸಲಿಲ್ಲ. ನಾನೂ ಕಲಿಸಲಿಲ್ಲ.

ನಿನ್ನ ಅಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಸಂಜೆವರೆಗೆ ಕೂರಿಸಿಕೊಂಡವನು ನಾನೇ. ಮಧ್ಯೆ ಮಧ್ಯೆ 'ಹೋದ್ರಾ?' ಅಂತ ಕೇಳುತ್ತಿದ್ದ. ಅವನಿಗೆ ಅರ್ಥವಾಗಿತ್ತು, ಪುಟ್ಟಿ. ಹಾಗೆ ಬಚ್ಚಿಟ್ಟು ಬಚ್ಚಿಟ್ಟು, ಕೊನೆಗೆ ಅಮ್ಮ ಇಲ್ಲದಾಗ ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ನಾಲ್ಕು ಜನ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೈಯಬೇಡ. ಮಾಣಿಗೆ ಬರುವ ಚೈತ್ರಕ್ಕೆ 18 ಅಲ್ವಾ? ಆಮೇಲೆ ಹೆತ್ತವರಾದರೂ ತಾನಾಗೇ ಕಾನೂನಿನ ಪ್ರಕಾರ ಪಾಲಕರಾಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬೇಕು. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಅಂಗವಿಕಲರ ಕೆಲಸ ನೋಡುವ ಗ್ರಾಮ ಪುನರ್ವಸತಿ ಕಾರ್ಯಕರ್ತರನ್ನು ಹಿಡಿ, ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಅದನ್ನೂ ಅವರ ಹತ್ತಿರವೇ ಕೇಳು. ಇಂಥವರಿಗೆ ನಿರಾಮಯ ಅಂತ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ.

ಕಾಗದ ಇದ್ದರೆ ಒಳ್ಳೆಯದೇ. ಆದರೆ ನಿನ್ನ ಆ ಒಂದು ದಿನದ ಲೆಕ್ಕಕ್ಕೆ ಕಾಗದ ಸಾಲದು. ಹಾಲಿನ ಡೈರಿಗೆ ಅವನೇ ಕ್ಯಾನ್ ತೆಗೆದುಕೊಂಡು ಹೋಗಲಿ. ಚೆಲ್ಲಿದರೆ ಚೆಲ್ಲಲಿ. ವಾರಕ್ಕೊಂದು ದಿನ ಪಕ್ಕದ ಮನೆಯವರ ಕೈಯಲ್ಲಿ ಉಣ್ಣಲಿ. ನೀನು ಅಲ್ಲೇ ನಿಂತು ನೋಡಬೇಡ. ಹೇಳುವುದು ಸುಲಭ, ಗೊತ್ತು.

ಸಣ್ಣ ಮಾವ ಅತ್ತೆಯ ಕೈಯಲ್ಲಿ ಉಂಡದ್ದು ಐದನೇ ದಿನ. ಈಗ ತಟ್ಟೆ ಅವನೇ ತೊಳೆಯುತ್ತಾನೆ, ಜೊತೆಗೆ ನನ್ನದನ್ನೂ.

ಈ ಸಲ ಕೊಯ್ಲಿನ ಹೊತ್ತಿಗೆ ಮಾಣಿಯನ್ನು ಒಬ್ಬನನ್ನೇ ಕಳಿಸು. ಬಸ್ಸು ಹತ್ತಿಸಿ ಕಂಡಕ್ಟರಿಗೆ ಹೇಳು. ಇಲ್ಲಿ ಸ್ಟಾಪಿನಲ್ಲಿ ನಾವಿಬ್ಬರೂ ನಿಂತಿರುತ್ತೇವೆ, ನಾನು ಮತ್ತು ನಿನ್ನ ಸಣ್ಣ ಮಾವ.

ನಿನ್ನ ಮಾಮ